ಡೆಲ್ಮರನ ಹಾವಿನ ಕುಲಪರೀಕ್ಷೆ

ಹೋಮ್‌ಸ್ಟೆಡ್ ಊರಿನ ಡೆಲ್ಮರ್ ಪ್ರೂಯಿಟ್‌ಗೆ ತನ್ನ ಮದುವೆಯ ಚಿಂತೆ ಎಂದೂ ಇರಲಿಲ್ಲ. ಹಾವಿನ ಮದುವೆಯ ಚಿಂತೆ ನಿದ್ದೆಗೆಡಿಸಿತ್ತು. ಅವನಲ್ಲಿದ್ದದ್ದು ದಕ್ಷಿಣ ಫ್ಲಾರಿಡಾದ ಕಿಂಗ್‌ಸ್ನೇಕ್ ಉಪಜಾತಿಯ ಗಂಡು. ವಿಷವಿಲ್ಲ, ನೋಡಲು ಪರಮ ಸಾಧು. ಅದೇ ಕುಲದ ಬೆಣ್ಣೆಬಣ್ಣದ ಹೆಣ್ಣು ಒಡೆಸ್ಸಾ ಟಿಲ್ಲಿಸ್ ಎಂಬಾಕೆಯ ಮನೆಯಲ್ಲಿತ್ತು.

"ನಿಂದು ಅಸಲಿ ಅಂತ ಸಂಘದೋರು ಹೇಳ್ಲಿ, ಅವತ್ತೇ ಜೋಡಿ ಬಿಡ್ತೀನಿ. ಬೆರಕೆ ಮನೆಗೆ ನಾನು ಹೆಣ್ಣು ಕೊಡಲ್ಲ" ಎಂದಿದ್ದಳು ಆಕೆ.

ಶನಿವಾರ ಬೆಳಿಗ್ಗೆ ಹಾವು ಸಾಕುವವರ ಸಂಘದ ಅಧ್ಯಕ್ಷ ಕಾಗಿನ್ಸ್, ಡೆಲ್ಮರನ ಗಂಡು ಹಾವನ್ನು ಮೇಜಿನ ಮೇಲೆ ಚಾಚಿ ಭೂತಗನ್ನಡಿ ಹಿಡಿದ.

"ಪಟ್ಟೆ ಕಾಣ್ತಿದೆಯಲ್ಲಪ್ಪ. ಅಸಲಿಗೆ ಪಟ್ಟೆ ಇರಲ್ಲ."

"ಮರಿಯಾಗಿದ್ದಾಗಿಂದು ಯಜಮಾನ್ರೇ, ಮಾಸ್ತಾ ಇದೆ."

"ಮಾಸಲು ಪಟ್ಟೆ ಇದ್ರೇನೇ ಅಸಲಿ ಕಣ್ರೀ" ಎಂದು ಕಾರ್ಯದರ್ಶಿ ವರ್ಜಿಲ್ ಬಾಯಿ ಹಾಕಿದ. "ನಮ್ಮನೇದಕ್ಕೆ ಇದೆ."

"ನಮ್ಮನೇದಕ್ಕಿಲ್ಲ. ಅದಕ್ಕೇ ಹೇಳ್ತಿರೋದು."

ಅಸಲಿಯ ಲಕ್ಷಣ ಎಂದರೆ ಅವರವರ ಮನೆಯ ಹಾವಿನ ಲಕ್ಷಣ ಎಂದು ಡೆಲ್ಮರನಿಗೆ ಆಗ ತಿಳಿಯಿತು.

"ಹೊಟ್ಟೆ ತುಂಬಿದ್ರೆ ಚರ್ಮ ಹಿಗ್ಗಿ ಬಣ್ಣ ಮೋಸ ಮಾಡುತ್ತೆ. ಏನಾದ್ರೂ ತಿನ್ಸಿದ್ಯಾ?" ಎಂದ ಕಾಗಿನ್ಸ್.

"ನೀವೇ ಬೇಡ ಅಂದಿದ್ರಲ್ಲ. ವಾರಗಟ್ಲೆ ಒಂದಿಲೀನೂ ಹಾಕಿಲ್ಲ."

ಜಗಳ ಬಗೆಹರಿಯದೆ, ಯಾರೋ ಪುಣ್ಯಾತ್ಮರು ಕಾಲುವೆ ದಂಡೆಯಿಂದ ಕಾಡಿನ ಕಿಂಗ್‌ಸ್ನೇಕನ್ನೇ ಹಿಡಿದು ತಂದರು. ಕಾಗಿನ್ಸ್ ಅದನ್ನು ಬಾಲದವರೆಗೂ ನೋಡಿ ತಲೆಯಾಡಿಸಿದ.

"ಇದೂ ಬೆರಕೆ."

ತಾತಮುತ್ತಾತರ ಕಾಲದಿಂದ ಅಲ್ಲೇ ಇದ್ದ ಹಾವು, ಬದುಕಿದೆಯಾ ಬಡಜೀವವೇ ಎಂದು ಕಾಲುವೆಗೆ ವಾಪಸ್ಸು ಓಡಿತು. ತನ್ನ ಹೆಣ್ಣು ಹಾವನ್ನೂ ತಂದು ಬೆಳಿಗ್ಗೆಯಿಂದ ಕಾಯುತ್ತ ಕೂತಿದ್ದ ಒಡೆಸ್ಸಾಗೆ ರೇಗಿತು.

"ನಿಮ್ಮ ಪಂಚಾಯ್ತಿ ಮುಗಿಯೋಷ್ಟರಲ್ಲಿ ನನ್ನ ಹುಡುಗಿ ಮುದುಕಿ ಆಗ್ತಾಳೆ. ಒಂದೇ ಪೆಟ್ಟಿಗೇಲಿ ಬಿಡಿ. ಅವಳು ಒಪ್ಪಿದ್ರೆ ನಂಗೂ ಒಪ್ಪಿಗೆ."

ಡೆಲ್ಮರನಿಗೆ ಸ್ವರ್ಗ ಮೂರೇ ಗೇಣು. ಮುಚ್ಚಳ ಹಾಕಿ ಎಲ್ಲರೂ ಹುರಿದ ಮೀನು ತಿನ್ನಲು ಹೋದರು. ಊಟದ ಮೇಜಿನಲ್ಲೂ ಪಟ್ಟೆಯದೇ ಜಗಳ. ಸಂಜೆಯವರೆಗೆ ಯಾರೂ ಏಳಲಿಲ್ಲ.

ಬಂದು ಮುಚ್ಚಳ ತೆಗೆದರೆ ಪೆಟ್ಟಿಗೆಯಲ್ಲಿ ಒಂದೇ ಹಾವಿತ್ತು. ಅದರ ಮೈ ಎರಡರಷ್ಟು ದಪ್ಪವಾಗಿತ್ತು, ಬಾಯಿಂದ ಬೆಣ್ಣೆಬಣ್ಣದ ಬಾಲದ ತುದಿ ಇಣುಕುತ್ತಿತ್ತು.

"ನನ್ನ ಹುಡುಗಿ" ಎಂದು ಒಡೆಸ್ಸಾ ಕುಸಿದು ಕೂತಳು.

ಕಾಗಿನ್ಸ್ ಮಾತ್ರ ಡೆಲ್ಮರನ ಬೆನ್ನು ತಟ್ಟಿದ. "ಹಾವನ್ನೇ ನುಂಗೋದು ಕಿಂಗ್‌ಸ್ನೇಕಿನ ಮೊದಲನೇ ಲಕ್ಷಣ ಕಣಪ್ಪ. ಅಪ್ಪಟ ಅಸಲಿ. ಏನಂತೀಯ ವರ್ಜಿಲ್?"

"ಎರಡು ಮಾತಿಲ್ಲ."

"ಇನ್ನು ಇದನ್ನ ಕಂಡಕಂಡ ಹೆಣ್ಣಿಗೆ ಕಟ್ಟಬೇಡ. ಈ ಸೀಮೇಲಿ ಅಸಲಿ ಹೆಣ್ಣು ಯಾರ ಹತ್ರ ಇದೆ?"

"ಒಂದೇ ಇದ್ದಿದ್ದು" ಎಂದ ವರ್ಜಿಲ್, ಹಾವಿನ ಹೊಟ್ಟೆ ನೋಡುತ್ತ.