ಕೈಯಳತೆಯ ಕಸಬರಿಗೆ

ಭಾಲ್ಕಿಯ ಕಿರಾಣಿ ಅಂಗಡಿ ಮನ್ಮಥಪ್ಪ ಒಂದು ಮಹಾಸತ್ಯ ಕಂಡುಹಿಡಿದಿದ್ದ. ನಿಜಾಮರ ದರ್ಬಾರು ಮುಗಿದು ಎರಡು ವರ್ಷವಾಗುತ್ತ ಬಂದಿತ್ತು. ಊರಿಗೆಲ್ಲ ಹೊಸ ಆಡಳಿತ ಬಂದ ಮೇಲೆ ಅವನ ಮನೆಗೊಂದು ಬೇಡವೇ?

"ಸಣ್ಣ ಹುಡುಗರು ಮನಿ ಕೆಲಸ ಯಾಕ ಮಾಡಲ್ಲ, ಗೊತ್ತದೇನು?" ಎಂದು ಹೆಂಡತಿ ಶಿವಕಾಂತಾಳನ್ನು ಕೇಳಿದ. "ಅವರ ಕೈ ಅಳತಿ ಸಾಮಾನು ನಾವು ಕೊಟ್ಟಿಲ್ಲ. ಅಷ್ಟೇ."

"ನೀವು ಉಂಡ ತಾಟು ನೀವು ಎತ್ತಲ್ರಿ. ಅದರ ಅಳತಿ ಏನಾಗ್ಯಾದ?"

ಇಂಥ ಚಿಲ್ಲರೆ ಮಾತಿಗೆ ಮನ್ಮಥಪ್ಪ ಬಗ್ಗುವವನಲ್ಲ. ಸಂತೆಯಲ್ಲಿ ಹೇಳಿ ಮಾಡಿಸಿ ಗೇಣುದ್ದದ ಎರಡು ಕಸಬರಿಗೆ, ತೆಂಗಿನಕಾಯಿಯಷ್ಟಿರುವ ಎರಡು ಕೊಡ ತಂದ. ಆರು ವರ್ಷದ ಮಗಳು ಗಂಗು, ನಾಲ್ಕು ವರ್ಷದ ಮಗ ಜ್ಞಾನು ಆ ಕಸಬರಿಗೆಗಳನ್ನು ತಬ್ಬಿಕೊಂಡೇ ಮಲಗಿದರು. ಸಗಣಿ ಕಲಸಿ ಅಂಗಳ ಸಾರಿಸುವ ವಿದ್ಯೆಯನ್ನು ಎಂಟು ದಿನ ಅವನೇ ಕಲಿಸಿದ, ಕಟ್ಟೆಯ ಮೇಲೆ ಕೂತು, ಬರೀ ಬಾಯಿಂದ. ಕಾನೂನು ಒಂದೇ: "ಸಾರಿಸಿದ್ದು ಒಣಗೋ ತನಕ ಯಾರಿಗೂ ತುಳಿಯಾಕ ಬಿಡಬ್ಯಾಡ್ರಿ. ತಹಸೀಲ್ದಾರ ಬಂದ್ರೂ."

ಇದನ್ನು ನೋಡಲು ಮುನೀರೋದ್ದೀನ ಮಾಸ್ತರರೇ ಬರಬೇಕಿತ್ತು. ಅವನು ಹುಡುಗನಾಗಿದ್ದಾಗ ಶಾಲೆಯಲ್ಲಿ ಅವರು ಇಡೀ ತರಗತಿಯ ಎದುರು ಅವನ ಸ್ಲೇಟು ಎತ್ತಿ ಹಿಡಿದು, "ಈ ಮನ್ಮಥನ ಪಾಟೀನೂ ಬಾಜೂದವನೇ ಒರಸಿ ಕೊಡ್ತಾನ" ಎಂದಿದ್ದರು. ಇಪ್ಪತ್ತು ವರ್ಷವಾದರೂ ಆ ಮಾತು ಮನ್ಮಥಪ್ಪನ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ತನ್ನ ಮಕ್ಕಳನ್ನು ತೋರಿಸಿ ಅದನ್ನು ಅಳಿಸಲೇಬೇಕು. ಶುಕ್ರವಾರ ನಮಾಜು ಮುಗಿಸಿದ ಮಾಸ್ತರರನ್ನು ಚಹಾಕ್ಕೆಂದು ಕರೆತಂದ.

ಅಂಗಳ ನೋಡಿ ಅವನ ಎದೆ ಉಬ್ಬಿತು. ಒಂದು ಮೂಲೆಯೂ ಬಿಟ್ಟಿರಲಿಲ್ಲ. "ನೋಡ್ರಿ ಮಾಸ್ತರ, ನನ್ನ ಮಕ್ಕಳ ಕೆಲಸ!" ಎಂದು ಕಾಲೆತ್ತಿದ. ಗಂಗು ಅಂಗಳದ ಬಾಗಿಲಿಗೆ ಕಸಬರಿಗೆ ಅಡ್ಡ ಹಿಡಿದಳು.

"ಹಸಿ ಅದ, ಅಪ್ಪಾ. ತುಳೀಬ್ಯಾಡ."

"ಮಾಸ್ತರು ಬಂದಾರವ್ವಾ."

"ತಹಸೀಲ್ದಾರ ಬಂದ್ರೂ ಬಿಡಬ್ಯಾಡ ಅಂದಿದ್ದಿ."

ಒಳಗೆ ಚಹಾ ಆರುತ್ತಿತ್ತು. ಹೊರಗೆ ಮಾಸ್ತರರು ಕತ್ತಿನ ತನಕ ಗುಂಡಿ ಹಾಕಿದ ಶೇರವಾನಿಯಲ್ಲಿ ಬೇಯುತ್ತಿದ್ದರು. ಒಳಗಿಂದ ಹಲಗೆಯೊಂದನ್ನು ತಂದು ಹಾಸಿದರಾಯಿತು ಎಂದು ಮನ್ಮಥಪ್ಪ ಕಸಬರಿಗೆ ದಾಟಿ, ಗೋಡೆ ಹಿಡಿದು ತುದಿಗಾಲಿನಲ್ಲಿ ಹೊರಟ. ಮೂರನೇ ಹೆಜ್ಜೆಗೆ ಕಾಲು ಜಾರಿತು. ಮಡಿಕೆ ಮುರಿಯದ ಬಿಳಿ ಧೋತರದ ಸಮೇತ ಬಾಗಿಲಿಂದ ಕಟ್ಟೆಯವರೆಗೆ ಅಂಗಳವನ್ನೆಲ್ಲ ಒರೆಸಿಕೊಂಡು ಹೋಗಿ ನಿಂತ.

ಜ್ಞಾನು ಗೊಳೋ ಎಂದು ಅತ್ತ, ಅಪ್ಪ ಬಿದ್ದನೆಂದಲ್ಲ, ಅಂಗಳ ಕೆಟ್ಟಿತೆಂದು.

ಶಿವಕಾಂತಾ ಹೊರಬಂದಳು. "ಹುಡುಗರು ತಮ್ಮ ಕೆಲಸ ಮುಗಿಸ್ಯಾರ್ರಿ. ಈಗ ಇದನ್ನ ಯಾರು ಸಾರಿಸಬೇಕು?"

ಮಾಸ್ತರರು ಗಡ್ಡದೊಳಗೇ ನಕ್ಕರು. "ಮನ್ಮಥ, ಇವತ್ತೂ ನಿನ್ನ ಪಾಟಿ ಮಂದೀನೇ ಒರಸಬೇಕೇನೋ?"

ಗಂಗುವಿಗೆ ಸಿಟ್ಟು ಬಂತು. "ಅಪ್ಪಗ ಬೈಬ್ಯಾಡ್ರಿ ಮಾಸ್ತರ. ಅವನ ಕೈ ಅಳತಿ ಕಸಬರಗಿ ಅವಗ ಯಾರೂ ಕೊಟ್ಟೇ ಇಲ್ರಿ."

ಮರುದಿನವೇ ಮಾಸ್ತರರು ಮಾರುದ್ದದ ಕಸಬರಿಗೆ, ಒಂದು ದೊಡ್ಡ ಬಕೀಟು ಕಳಿಸಿಕೊಟ್ಟರು. ಈಗ ಓಣಿಯವರು ಕೇಳಿದರೆ ಮನ್ಮಥಪ್ಪ ಧೋತರ ಎತ್ತಿ ಕಟ್ಟಿಕೊಂಡು ಅಂಗಳ ಸಾರಿಸುತ್ತಲೇ, "ನನ್ನ ಅಳತಿದೇ ಅದ. ಮಾಸ್ತರು ಖುದ್ದ ಕಳಿಸ್ಯಾರ" ಎಂದು ಬೀಗುತ್ತಾನೆ.

ಕಟ್ಟೆಯ ಮೇಲೆ ಕೂತ ಗಂಗು ಮಾತ್ರ ಬೀಗಲು ಬಿಡುವುದಿಲ್ಲ. "ಅಪ್ಪಾ, ಆ ಮೂಲಿ ಬಿಟ್ಟಿ."