ಅಕ್ಕನಿಗೆ ಬರೆದ ಐದನೆಯ ಕರಡು

ಅಕ್ಕ ನನ್ನೊಡನೆ ಮಾತು ಬಿಟ್ಟು ನಾಲ್ಕು ತಿಂಗಳಾಯಿತು. ತಪ್ಪು ನನ್ನದೇ. (ನಿಮ್ಮ ಮುಂದೆ ಒಪ್ಪಿಕೊಳ್ಳುವುದು ಸುಲಭ, ನೀವು ನನ್ನ ಅಕ್ಕನಲ್ಲ.) ಹೊಲಿಗೆ ಅಂಗಡಿ ತೆರೆದ ದಿನ, ತಾನೇ ಹೊಲಿದ ಬಾಗಿಲ ಪರದೆಯ ಫೋಟೋವನ್ನು ಅವಳು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದಳು. ಮೂವತ್ತೆಂಟು ಮಂದಿ ಹೊಗಳುತ್ತಿದ್ದಾಗ ನಾನೊಬ್ಬಳು, "ಎಡಗಡೆ ಒಂದಿಂಚು ಗಿಡ್ಡ ಆಗಿದೆ ಕಣೇ" ಎಂದು ಬರೆದು, ಪಕ್ಕದಲ್ಲಿ ನಗುವ ಮುಖವೊಂದನ್ನು ಅಂಟಿಸಿದೆ. ಆ ಮುಖ ಇನ್ನೂ ನಗುತ್ತಿದೆ. ಅಕ್ಕ ಗುಂಪಿನಿಂದ ಹೊರನಡೆದಳು.

ದಿನಾ ಸಂಜೆ ಐದಕ್ಕೆ ಬರುತ್ತಿದ್ದ ಅವಳ ಫೋನ್ ನಿಂತುಹೋಯಿತು. ಐದು ಗಂಟೆ ಮಾತ್ರ ತಪ್ಪದೆ ಬರುತ್ತಿತ್ತು.

ಹೀಗಾಗಿ ಪುಸ್ತಕ ತಂದೆ. ಜಾಲತಾಣದಲ್ಲಿ ಸಜ್ಜನರಂತೆ ವರ್ತಿಸುವ ಬಗೆಯನ್ನು ಇನ್ನೂರು ಪುಟಗಳಲ್ಲಿ ಬೋಧಿಸುವ ಮಹಾಗ್ರಂಥ.

"ಒಡಹುಟ್ಟಿದವಳ ಹತ್ರ ಮಾತಾಡೋಕೂ ಪುಸ್ತಕ ಬೇಕಾ? ಫೋನ್ ಮಾಡಿ 'ತಪ್ಪಾಯ್ತು' ಅನ್ನು, ಸಾಕು," ಎಂದರು ಯಜಮಾನರು.

"ನನ್ನ ಬಾಯಿ ನಿಮಗೆ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ನಾನು ಬಾಯಿ ಮುಚ್ಚಿಕೊಂಡಿರೋದು."

ಪುಸ್ತಕ ಕೆಟ್ಟದ್ದೇನಲ್ಲ. ಬರೆದದ್ದನ್ನು ಒಂದು ದಿನ ಬಿಟ್ಟು ಓದಿ, ಆಮೇಲೆ ಕಳಿಸಿ ಎಂದಿತ್ತು. ಓದಿದೆ. ಮೊದಲ ಕರಡಿನಲ್ಲಿ ಕ್ಷಮೆ ಒಂದು ಸಾಲು, ಅಕ್ಕನ ತಪ್ಪುಗಳು ಹನ್ನೊಂದು ಸಾಲು. ಅಳಿಸಿದೆ. ಈ ಒಂದು ಬುದ್ಧಿ ನಾಲ್ಕು ತಿಂಗಳ ಹಿಂದೆ ಸಿಕ್ಕಿದ್ದರೆ ಎನಿಸಿ ಕಣ್ಣು ಒದ್ದೆಯಾಯಿತು. ಉಳಿದ ಅಧ್ಯಾಯಗಳನ್ನೂ ಚಾಚೂ ತಪ್ಪದೆ ಪಾಲಿಸಿದೆ. ಐದನೆಯ ಕರಡು ಹೀಗೆ ಸಿದ್ಧವಾಯಿತು:

"ಪ್ರೀತಿಯ ಅಕ್ಕ, ನನ್ನ ಮಾತಿನಿಂದ ನಿಮಗಾದ ನೋವನ್ನು ಗೌರವಿಸುತ್ತೇನೆ. ನಿಮ್ಮ ಭಾವನೆಗಳನ್ನು ಆಲಿಸಲು ಸಿದ್ಧಳಿದ್ದೇನೆ. ದಯವಿಟ್ಟು ನಿಮಗೆ ಅನುಕೂಲವಾದ ಸಮಯ ತಿಳಿಸಿ."

(ಹುಟ್ಟಿದಾಗಿನಿಂದ ಅವಳನ್ನು 'ನೀವು' ಎಂದವಳಲ್ಲ. ಇರಲಿ, ಗ್ರಂಥಾಜ್ಞೆ.)

ಕಳಿಸಿದೆ. ಅವಳು ಓದಿದಳೆಂಬ ನೀಲಿ ಗುರುತು ಬಂತು. ಹತ್ತು ನಿಮಿಷಕ್ಕೆ ಚಿಕ್ಕಪ್ಪ ನನ್ನನ್ನು ಕುಟುಂಬದ ಗುಂಪಿನಿಂದ ತೆಗೆದುಹಾಕಿದರು. ಇಪ್ಪತ್ತು ನಿಮಿಷಕ್ಕೆ ಯಜಮಾನರ ಫೋನ್ ಬಡಿದುಕೊಂಡಿತು. ಅಕ್ಕನ ದನಿ ನಾನು ನಿಂತಲ್ಲಿಗೇ ಕೇಳಿಸುತ್ತಿತ್ತು.

"ನೋಡಿ, ಅವಳ ಫೋನ್ ಯಾರೋ ಮೋಸಗಾರರ ಕೈಗೆ ಸಿಕ್ಕಿದೆ! ಅವಳ ನಂಬರಿಂದ ನನಗೆ ಕ್ಷಮೆ ಕೇಳ್ತಿದ್ದಾರೆ. ಅದೂ 'ನೀವು' ಅಂತ! ಚಿಕ್ಕಪ್ಪನಿಗೂ ಹೇಳಿದ್ದೀನಿ. ಅವಳು ಹುಷಾರಾಗಿದ್ದಾಳೆ ತಾನೇ?"

ಕೊನೆಯ ಮಾತಿಗೆ ಅವಳ ದನಿ ನಡುಗಿತು. ನಾಲ್ಕು ತಿಂಗಳ ಮೇಲೆ ಕೇಳಿದ ದನಿ. ಫೋನ್ ಕಿತ್ತುಕೊಂಡೆ.

"ನಾನೇ ಕಣೇ ಬರೆದದ್ದು!"

"ಸುಳ್ಳು. ಅವಳು ಹೀಗೆ ಬರೆಯೋಳಲ್ಲ. ಯಾರು ನೀವು?"

ಈಗ 'ತಪ್ಪಾಯ್ತು' ಎನ್ನಬೇಕಿತ್ತು. ಮಾತು ಗಂಟಲವರೆಗೆ ಬಂದೂ ಇತ್ತು. ಬಾಯಿಂದ ಬಿದ್ದದ್ದು ಬೇರೆ.

"ನಾಲ್ಕು ತಿಂಗಳು ಮುಖ ಊದಿಸಿಕೊಂಡು ಕೂತಿದ್ದು ಸಾಲ್ದು ಅಂತ ಈಗ ಅನುಮಾನ ಬೇರೆ! ನೀನೇನು ದೊಡ್ಡ ಮಹಾರಾಣಿನಾ?"

ಆ ಕಡೆ ದೀರ್ಘವಾದ ಉಸಿರು ಕೇಳಿಸಿತು.

"ಸದ್ಯ. ನೀನೇ," ಎಂದಳು ಅಕ್ಕ. ಫೋನ್ ಇಟ್ಟಳು.