ಡಬ್ಬದ ಮೇಲಿನ ಗಿಳಿ

ಮನುಷ್ಯನಿಗೆ ಅಧಿಕಾರ ಕೊಟ್ಟರೂ ಪರವಾಗಿಲ್ಲ, ಕೈಯಿರುವ ಕುರ್ಚಿ ಮಾತ್ರ ಕೊಡಬಾರದು. ಒಮ್ಮೆ ಆ ಕೈಗಳ ಮೇಲೆ ಮೊಣಕೈ ಊರಿದವನು ಭಾಷಣ ಮಾಡದೆ ಏಳುವುದಿಲ್ಲ. ಇದು ಸ್ವಂತ ಅನುಭವ. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಸ್ಟೂಲಿನ ಮೇಲೆ ಕೂತು ಬಿಲ್ ಬರೆಯುತ್ತಿದ್ದ ನನ್ನನ್ನು ಸಾಹುಕಾರರು ಒಂದು ದಿನ ಕರೆದರು. "ಊರಿಗೆಲ್ಲ ಕಂಪ್ಯೂಟರ್ ಬಂತು, ನಮ್ಮ ಡಬ್ಬದ ಮ್ಯಾಲೆ ಇನ್ನೂ ಅದೇ ಗಿಳಿ ಕುಂತೈತಲ್ರೀ! ಹೊಸ ಹೆಸರು, ಹೊಸ ಚಿತ್ರ ಮಾಡ್ಸಿ. ಇವತ್ತಿಂದ ಈ ಮ್ಯಾನೇಜರ್ ಕುರ್ಚಿ ಮ್ಯಾಲೆ ಕುಂತ್ಕಳ್ರಿ. ಜನರ ಬಾಯಾಗೆ ಹೊಸ ಹೆಸರು ಬಂದ್ರೆ ಅದು ನಿಮ್ದೇ. ಬರ್ಲಿಲ್ಲ ಅಂದ್ರೆ, ನಿಮ್ಮ ಸ್ಟೂಲು ಎಲ್ಲೂ ಹೋಗಿಲ್ಲ" ಎಂದರು. ನನ್ನ ಅರ್ಹತೆ ಏನೆಂದು ಕೇಳಬೇಡಿ. ಅಕ್ಷರ ದುಂಡಗಿದೆ, ಅಷ್ಟೇ.

ಟೀಮಿನಲ್ಲಿ ಇಬ್ಬರು. ಒಬ್ಬ ಪೇಂಟರ್ ತಿಪ್ಪೇಸ್ವಾಮಿ. ಪರಶುರಾಂಪುರದಿಂದ ಮೊಳಕಾಲ್ಮೂರಿನವರೆಗೆ ಗೋಡೆ ಗೋಡೆಗೂ ನಮ್ಮ ಗಿಳಿ ಬರೆದವನು. ಇನ್ನೊಬ್ಬಳು ಡಿಟಿಪಿ ಅಂಗಡಿಯ ನಸೀಮಾ. ಕಂಪ್ಯೂಟರಿನಲ್ಲಿ ಮದುವೆ ಕಾರ್ಡು ಮಾಡಿ ಮಾಡಿ, ಏನು ಹೇಳಿದರೂ ಎರಡು ಬದಿಗೆ ಬಾಳೆಕಂಬ ನಿಲ್ಲಿಸುವವಳು. ಮೊದಲ ದಿನವೇ ಮಂಡಕ್ಕಿ ಮಿರ್ಚಿ ತರಿಸಿ, ಕುರ್ಚಿಯ ಕೈ ಹಿಡಿದು ಹುರಿದುಂಬಿಸಿದೆ. "ನೋಡ್ರಪ್ಪಾ, ಗೆದ್ರೆ ನೀವು ಗೆದ್ದಂಗೆ. ಸೋತ್ರೆ ನಾನೊಬ್ಬನೇ ಸೋತಂಗೆ." ಇಬ್ಬರೂ ತಲೆಯಾಡಿಸಿ ಮಿರ್ಚಿ ಮುಗಿಸಿದರು.

ಹೊಸ ಹೆಸರು 'ಸೂರ್ಯ' ಎಂದಾಯಿತು. ತಿಪ್ಪೇಸ್ವಾಮಿ ಚಿತ್ರ ಬರೆದು ತಂದ.

"ಲೇ ತಿಪ್ಪೇಸ್ವಾಮಿ, ಸೂರ್ಯನಿಗೆ ಯಾಕೋ ಕೊಕ್ಕು?"

"ಅದು ಕಿರಣ ಸಾರ್."

"ಕಿರಣ ಯಾಕೆ ಬಗ್ಗೈತೆ?"

"ಕೈ ಮಾತು ಕೇಳಂಗಿಲ್ಲ ಸಾರ್. ಬಸ್ಸಿನಾಗೆ ಹೋಗುವಾಗ ನನ್ನ ಮಕ್ಳು ಗೋಡೆ ನೋಡಿ 'ಅಪ್ಪನ ಗಿಳಿ, ಅಪ್ಪನ ಗಿಳಿ' ಅಂತ ಕೂಗ್ತಾವೆ. ಅದರ ಮ್ಯಾಲೆ ನಾನೇ ಸುಣ್ಣ ಬಳೀಬೇಕಾ?"

ಅವನು ಹೇಳುವುದೂ ನ್ಯಾಯವೇ. ಆದರೆ ಕುರ್ಚಿ! "ಬದಲಾವಣೆ ಅಂದ್ರೆ ಹಂಗೇ ಕಣಯ್ಯಾ" ಎಂದು ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದೆ. ನಸೀಮಾ ಕೊಕ್ಕು ಕತ್ತರಿಸಿ, ಆಚೀಚೆ ಬಾಳೆಕಂಬ ನಿಲ್ಲಿಸಿದಳು. ತೆಗಿಯಮ್ಮಾ ಎಂದರೆ, "ಖಾಲಿ ಖಾಲಿ ಕಾಣ್ತೈತೆ ಸಾರ್" ಎಂದಳು. ಅಂತೂ ಮದುವೆ ಚಪ್ಪರದೊಳಗೆ ನಿಂತ ಸೂರ್ಯ ಡಬ್ಬದ ಮೇಲೆ ಉದಯಿಸಿದ.

ದೀಪಾವಳಿಯ ಮುಂದೆ ಸಾಹುಕಾರರು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟರು. ದಾರಿಯಲ್ಲೊಂದು ಗುರುತಿಲ್ಲದ ಅಂಗಡಿ ಕಂಡಿತು. "ಹೋಗಿ ಹೊಸ ಹೆಸರು ಹೇಳಿ ಕೇಳ್ರಿ. ಏನ್ ಕೊಡ್ತಾನೆ ನೋಡಾನ."

ನಮ್ಮ ಕಡೆ ಖಾಲಿ ಡಬ್ಬ ಬಿಸಾಡುವ ಪದ್ಧತಿಯಿಲ್ಲ ನೋಡಿ. ಅದರಲ್ಲಿ ಜೋಳ ತುಂಬುತ್ತೇವೆ, ತುಳಸಿ ನೆಡುತ್ತೇವೆ, ನೀರು ಕಾಯಿಸುತ್ತೇವೆ. ಆ ಬೆಳಿಗ್ಗೆ ನಾನು ಸ್ನಾನ ಮಾಡಿದ್ದೂ ಗಿಳಿ ಡಬ್ಬದ ನೀರಿನಲ್ಲೇ. ಅಂಗಡಿ ಮುಂದೆ ನಿಂತೆ. ಸಾಹುಕಾರರು ಬೆನ್ನ ಹಿಂದೆಯೇ ಇದ್ದರು. ಬಾಯಿ ತೆರೆದೆ.

"ಅಣ್ಣಾ, ಒಂದು ಗಿಳಿ ಎಣ್ಣೆ ಕೊಡು."

ಅಂಗಡಿಯವನು ತಲೆಯನ್ನೂ ಎತ್ತದೆ ಸೂರ್ಯನ ಡಬ್ಬ ತಂದು ಮುಂದಿಟ್ಟ.

ಸಾಹುಕಾರರು ಜೀಪು ಹತ್ತುವವರೆಗೂ ನಕ್ಕರು. ಮುಂದಿನ ಸರಕಿಗೆ ಗಿಳಿ ವಾಪಸ್ ಬಂತು. ಈ ಸಲ ಬಾಳೆಕಂಬಗಳ ನಡುವೆ. ಅವು ಸಾಹುಕಾರರ ಮನೆಯವರಿಗೆ ಬಹಳ ಹಿಡಿಸಿದ್ದವಂತೆ. ನಾನು ಸ್ಟೂಲಿನ ಮೇಲೆ ಮುಖ ಇಳಿಬಿಟ್ಟುಕೊಂಡು ಕೂತಿದ್ದಾಗ ಇಬ್ಬರೂ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದರು.

"ಏನ್ರಪ್ಪಾ, ನಾನು ಸೋತಿದ್ದಕ್ಕೆ ಪಾರ್ಟಿನಾ?"

"ಛೇ ಛೇ, ನಾವು ಗೆದ್ದಿದ್ದಕ್ಕೆ ಸಾರ್" ಎಂದ ತಿಪ್ಪೇಸ್ವಾಮಿ. "ಸೋಲೋದು ನೀವೊಬ್ರೇ ಅಂತ ಮೊದ್ಲೇ ಹೇಳಿದ್ರಲ್ಲ."

ಮಾತು ನನ್ನದೇ. ಮಿರ್ಚಿಯ ಜೊತೆ ನುಂಗಿಕೊಂಡೆ.